ಅವರು ಮರಳಿದರು, ಗಿರಿಜಾ

ಮಗಳೇ, ನನ್ನ ಎದುರಾಳಿಯೇ,

ಇಂದು ಬೆಳಿಗ್ಗೆ ಮುಳಗುಂದದ ಮೊದಲ ಬಸ್ಸಿಗೆ ನಿನ್ನ ಗೆಳತಿ ಸುಮಾ ಬಂದಳು. ಬೆಟಗೇರಿಯ ನಮ್ಮ ಬಾಗಿಲಲ್ಲಿ ಚಪ್ಪಲಿ ಬಿಡುವ ಮೊದಲೇ ಕೂಗಿದಳು: “ಕಾಕಾ, ಹಾಡು ಬಂತ್ರಿ! ಗಿರಿಜಾ ಹೇಳಿದ್ದು ಖರೆ ಆತು ನೋಡ್ರಿ!” ಕೊರಿಯಾದ ಆ ಹುಡುಗರ ತಂಡ, ನೀನು ಚಿತ್ರವನ್ನು ಗೋಡೆಗೆ ಅಂಟಿಸಿಕೊಂಡು ಕಾಯುತ್ತಿದ್ದ ತಂಡ, ವರ್ಷಗಳ ಮೌನದ ನಂತರ ಮತ್ತೆ ಹಾಡಿದೆ. ಈ ಸುದ್ದಿಯನ್ನು ನಿನಗೆ ಒಪ್ಪಿಸಬೇಕಾದವನು ನಾನು. ಅವರು ಮರಳುವುದಿಲ್ಲವೆಂದು ವಾದಿಸಿದವನು ನಾನೇ ಅಲ್ಲವೇ?

ಅವರು ವಿರಾಮ ಘೋಷಿಸಿದ ದಿನ ನೀನು ರೊಟ್ಟಿ ಮುಟ್ಟಲಿಲ್ಲ. ಹಟಗಳು ಅಳುವಿನಿಂದಲ್ಲ, ಚರ್ಚೆಯಿಂದ ತೀರ್ಮಾನವಾಗಬೇಕೆಂಬುದು ನನ್ನ ಕಾಲೇಜಿನ ಚರ್ಚಾಕೂಟದಿಂದ ನಾನು ಮನೆಗೆ ತಂದ ಕಟ್ಟಳೆ. ನಿನ್ನ ಅವ್ವ ತೀರ್ಪುಗಾರ್ತಿ. ಅವಳ ಕೈಮಗ್ಗವೇ ಗಡಿಯಾರ. ಮಗ್ಗ ನಿಂತಿತೆಂದರೆ ಮಾತನಾಡುವವರ ಸಮಯ ಮುಗಿಯಿತು. ಅವರು ಬಂದೇ ಬರುತ್ತಾರೆಂದು ನೀನು ವಿಷಯ ಮಂಡಿಸಿದೆ. ಚದುರಿದ ಗುಂಪು ಮತ್ತೆ ಕೂಡುವುದಿಲ್ಲವೆಂದು ನಾನು ಖಂಡಿಸಿದೆ.

“ಅಪ್ಪಾ, ಬಿಟ್ಟು ಹೋಗೂದು ಬ್ಯಾರೆ, ದಣಿವಾರಿಸಿಕೊಳ್ಳೂದು ಬ್ಯಾರೆ. ಮಾನ್ಯ ಪ್ರತಿಪಕ್ಷದವರು ಮದ್ಲ ಬಾಯಾಗಿನ ರೊಟ್ಟಿ ನುಂಗ್ರಿ!”

ಅವ್ವ ಮಗ್ಗ ನಿಲ್ಲಿಸಿದಳು. “ವಾದ ಹೊಟ್ಟಿ ತುಂಬಸ್ತೈತೇನು? ಅವರು ಬರ್ಲಿ, ಅವತ್ತ ತೀರ್ಪು.”

ಮುಂದೆ ಕಾಯಿಲೆ ಬಿದ್ದು ಸೇರಿದ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ, ಸಲಾಯಿನ್ ಹಚ್ಚಿದ್ದ ಕೈಯನ್ನೇ ಎತ್ತಿ ನೀನು ನೆನಪಿಸಿದೆ: “ವಿಷಯ ಮಂಡಿಸಿದಾಕಿ ನಾನು. ಕಡೀ ಮಾತು ನಂದೈತಿ. ನಡಕ ಬಾಯಿ ಹಾಕಬ್ಯಾಡ್ರಿ ಮತ್ತ.” ನಿಯಮ ನಿಯಮವೇ, ಎಂದೆ ನಾನು. ಎತ್ತಿದ ಆ ಕೈಯನ್ನು ಮೆಲ್ಲಗೆ ಹಾಸಿಗೆಯ ಮೇಲೆ ಇಳಿಸಿದೆ. ಆ ವಾರವೇ ಬಿಳಿ ಬಟ್ಟೆ ಸುತ್ತಿದ ನಿನ್ನನ್ನು ಮನೆಗೆ ತಂದೆವು. ಕಡೆಯ ಮಾತು ಹಾಗೆಯೇ ಉಳಿಯಿತು.

ಇಂದು ಸುಮಾ ಫೋನಿನಲ್ಲಿ ಆ ಹಾಡು ಹಚ್ಚಿದಳು. ಆ ಭಾಷೆ ನನಗೆ ತಿಳಿಯದು. ಆದರೆ ನಡುವೆ ವಾದ್ಯಗಳೆಲ್ಲ ಅಡಗಿ ಒಂದೇ ಕಂಠ ಉಳಿಯಿತು. ನೀನು ಮನೆತುಂಬ ಕೇಳಿಸುತ್ತಿದ್ದಾಗಿನ ನುಣುಪು ಅದರಲ್ಲಿರಲಿಲ್ಲ, ಅದಕ್ಕೂ ವಯಸ್ಸಾಗಿತ್ತು. ಯಾರ ಕಂಠವೆಂದು ನೀನು ಕೂಡಲೇ ಹೇಳುತ್ತಿದ್ದೆಯಲ್ಲವೇ? ಅವ್ವ ಮಗ್ಗ ನಿಲ್ಲಿಸಿ ಪೂರ್ತಿ ಕೇಳಿದಳು. ಆಮೇಲೆ, ಸೆರಗಿನಿಂದ ಮುಖ ಒರೆಸಿಕೊಂಡು, “ಗೆದ್ದಾಕಿ ನನ್ನ ಮಗಳು” ಎಂದಳು.

ಸೋತವರು ಎದ್ದು ನಿಂತು ಒಪ್ಪಿಕೊಳ್ಳಬೇಕೆಂಬುದೂ ನನ್ನದೇ ಕಟ್ಟಳೆ. ಎದ್ದು ನಿಂತೆ. ಒಪ್ಪಿಕೊಂಡೆ. ಆದರೆ ಗಿರಿಜಾ, ಹೋದವರು ಮರಳುವುದಿಲ್ಲವೆಂಬ ನನ್ನ ಪಕ್ಷಕ್ಕೆ ನೀನೇ ಸಾಕ್ಷಿಯಾಗಬೇಕಿತ್ತೇ?

ಅದನ್ನೇ ಗಟ್ಟಿಯಾಗಿ ಕೇಳಲು ಬಾಯಿ ತೆರೆದೆ. ಅವ್ವ ಕೈಯೆತ್ತಿ ತಡೆದಳು: “ಸುಮ್ಕಿರ್ರಿ. ಕಡೀ ಮಾತು ಆಕೀದೈತಿ.”

ಹಾಗೆಂದವಳೇ ಮಗ್ಗಕ್ಕೆ ಕುಳಿತು ನೇಯತೊಡಗಿದಳು. ಅಂದರೆ ನಿನ್ನ ಸಮಯ ಆರಂಭವಾಯಿತು. ಸುಮಾ ಮತ್ತು ನಾನು ಸಭಿಕರಂತೆ ಕೈಕಟ್ಟಿ ಕುಳಿತೆವು. ಮಧ್ಯಾಹ್ನ ಸುಮಾ ಊರಿಗೆ ಹೊರಟಳು, ಅವ್ವ ಏಳಲಿಲ್ಲ. ಇದನ್ನು ಬರೆಯುತ್ತಿರುವಾಗಲೂ ಮಗ್ಗ ನಿಂತಿಲ್ಲ.

ನೀನು ಹೇಳು, ಮಗಳೇ. ನಾನು ನಡುವೆ ಬಾಯಿ ಹಾಕುವುದಿಲ್ಲ.

ನಿನ್ನ ಅಪ್ಪ