ಜೀಪಿನ ತಳಕ್ಕೆ ಹೊಸ ತಗಡು

ತೋಮಾ,

ಜೀಪು ಕಾಣ್ತಿಲ್ಲ ಅಂತ ಗಾಬರಿಯಾಗಬೇಡ. ವೆಲ್ಡಿಂಗ್ ತಾನಾಸೆ ಹತ್ತಿರ ತಗೊಂಡು ಹೋಗ್ತಿದ್ದೀನಿ. ನಿನ್ನೆ ನಿನ್ನ ಸೀಟಿನ ಮುಂದಿನ ಚಾಪೆ, ಅದರಡಿ ಇದ್ದ ಹಲಗೆ ಎತ್ತಿದರೆ, ತಗಡೆಲ್ಲ ತುಕ್ಕು ತಿಂದು ನೆಲವೇ ಕಾಣ್ತು! ತೂತಿಗೆ ಹಲಗೆ ಮುಚ್ಕೊಂಡು ಬೆಟ್ಟ ಹತ್ತುತ್ತಿದ್ದೆಯಲ್ಲ ಮಾರಾಯ, ನನಗೊಂದು ಮಾತು ಹೇಳಬಾರದಿತ್ತಾ?

ತಾನಾಸೆ ಬಂದು ನೋಡಿ, "ತಳ, ಬಾಗಿಲ ಕೆಳಗಿನ ಪಟ್ಟಿ ಎರಡೂ ಹೋಗಿದೆ. ಎರಡು ಸಾವಿರ ಲೇಯಿ ಆಗತ್ತೆ, ಮಾರಿಬಿಡಕ್ಕ" ಅಂದ. ಮಾರಿದರೆ ನೀನು ಮೇಲಿನ ಹುಲ್ಲುಗಾವಲಿಗೆ, ಕುರಿಗಳ ಹತ್ತಿರ ಹೋಗೋದು ಹೇಗೆ? ಮನೇಲಿ ಕೂತು ನನ್ನ ತಲೆ ತಿಂತೀಯ.

ಒಲೆ ಮೇಲೆ ಜೋಳದ ಹಿಟ್ಟಿನ ಮಮಲಿಗಾ ಇದೆ, ಬಿಸಿ ಮಾಡ್ಕೊಂಡು ತಿನ್ನು.

ಇನ್ನೂರು ಜಾಸ್ತಿ ಕೊಟ್ಟು ನಿನ್ನ ಬಾಗಿಲ ಪಕ್ಕ ಒಂದು ಹಿಡಿಕೆ ಹಾಕಿಸ್ತೀನಿ. ಹತ್ತುವಾಗ ನಿನ್ನ ಮಂಡಿ ಎಷ್ಟು ನೋಯತ್ತೆ ಅಂತ ನನಗೆ ಗೊತ್ತು. ತಾನಾಸೆಗೆ ಮಾತ್ರ, ನಾನು ಗಿಡ್ಡಿ, ನನಗೇ ಬೇಕು ಅಂದಿದ್ದೀನಿ.

ಸಾಫ್ತಾ