ಸಕ್ಕರೆಯ ಕೆಂಪು ಬಳೆ

ಬೆಟಗೇರಿ
೧೪ ನವೆಂಬರ್ ೨೦೧೯

ಪ್ರೀತಿಯ ಲೋಹಿತಣ್ಣಾ,

ಹೇಗಿದ್ದೀ? ಆ ಬೆಟ್ಟದ ಚಳಿಗೆ ನಿನ್ನ ಕೆಮ್ಮು ಇಳಿಯಿತೋ, ಇಲ್ಲ ಔಷಧಿ ಶೀಶೆಯನ್ನು ಟ್ರಂಕಿನಲ್ಲೇ ಕಾವಲಿಗೆ ಇಟ್ಟಿದ್ದೀಯೋ? ಸೈನ್ಯದವರು ಫೋನು ಹತ್ತದ ಗಡಿ ಠಾಣೆಗೆ ನಿನ್ನನ್ನು ಹಾಕಿದ ಮೇಲೆ ನಮಗೆ ಪತ್ರವೇ ಗತಿ. ಇಲ್ಲಿ ಎಲ್ಲರೂ ಆರಾಮ. ಅವ್ವನ ಮೊಣಕಾಲು ನೋವು ಮಾತ್ರ ಅವಳ ಸಿಟ್ಟಿನ ಜೊತೆ ಏರುತ್ತದೆ, ಇಳಿಯುತ್ತದೆ.

ಮದುವೆಯಾದ ಮೇಲೆ ನೀನು ವೈನಿಯನ್ನು ಮೊದಲ ಸಲ ಮನೆಗೆ ಕರೆತರುವ ದಿನದ ಕೇಕು ನನ್ನದೇ ಎಂದಿದ್ದೆನಲ್ಲ, ಇವತ್ತು ಅದರ ಮಾದರಿ ಮಾಡಿ ನೋಡಿದೆ. ಹರ್ಲೀನ ವೈನಿ ಲುಧಿಯಾನದ ತವರಿನಿಂದ ತಮ್ಮ ಅಜ್ಜಿ ಕಸೂತಿ ಹಾಕಿದ ಫುಲ್ಕಾರಿ ಓಢಣಿಯ ಫೋಟೋ ಕಳಿಸಿದ್ದರು. ಬಟ್ಟೆಯೇ ಕಾಣದಷ್ಟು ಹೂವು, ಕಿತ್ತಳೆ, ಹಳದಿ, ರಾಣಿ ಗುಲಾಬಿ ಬಣ್ಣ. ರೇಷ್ಮೆಯ ಎಳೆ ಪಕ್ಕಪಕ್ಕ ಮಲಗಿದ ಹಾಗೆ ನಾನೂ ಕೆನೆಯನ್ನು ಎಳೆ ಎಳೆಯಾಗಿ ಬಿಡುತ್ತಾ ಹೋದೆ. ಮಧ್ಯಾಹ್ನದ ಬಿಸಿಲು ಬಂದು ಅದರ ಮೇಲೆ ಕೂತಿತು, ಓಣಿಯ ಮಗ್ಗಗಳ ಸಪ್ಪಳ ಎಲ್ಲೋ ದೂರ ಸರಿಯಿತು. ನಾನು ಕಂಡಿರದ ಯಾವುದೋ ಅಂಗಳದಲ್ಲಿ ಆ ಅಜ್ಜಿ ಮೊಮ್ಮಗಳ ಮದುವೆಗೆಂದು ಹೂವು ಹೊಲಿಯುತ್ತಿದ್ದಾರೆ, ಅವರ ಸೂಜಿಗೆ ದಾರ ಪೋಣಿಸುವವಳು ನಾನೇ ಅನ್ನಿಸಿತು. ಕೆನೆ ಕರಗಲು ಹತ್ತಿದಾಗಲೇ ನನಗೆ ಎಚ್ಚರ.

ಆದರೆ ಅಣ್ಣಾ, ನನ್ನ ಜೀವ ಬೇರೆ ಕಡೆ ಇತ್ತು. ಮೊನ್ನೆ ಫೋನಿನಲ್ಲಿ ವೈನಿ ಅಂಜುತ್ತಾ ಕೇಳಿದರು, ನಿಮ್ಮ ಅಮ್ಮಾಜಿ ನನ್ನ ಚೂಡಾ ತೆಗೆಸುತ್ತಾರಾ ಎಂದು. ಮದುವೆಯ ಮುಂಜಾನೆ ಸೋದರಮಾವ ಹಾಲು ನೀರಿನಲ್ಲಿ ಅದ್ದಿ ತೊಡಿಸಿದ ಕೆಂಪು ಬಿಳಿ ಬಳೆಗಳು ಅವು. ವರ್ಷ ತುಂಬುವ ತನಕ ಅವರ ಮನೆಯಲ್ಲಿ ತೆಗೆಯುವಂತಿಲ್ಲವಂತೆ. ಇತ್ತ ಅವ್ವ ಮೊದಲ ದಿನದಿಂದ ಒಂದೇ ಹಟ: "ಆ ಕೆಂಪು ಬಳಿ ತಗದು ಹಸರ ಬಳಿ ಇಟಗೊಂಡು ಹೊಸ್ತಲಾ ದಾಟಲಿ. ಇಲ್ಲಂದ್ರ ನಾ ಆರತಿ ಹಿಡಿಯಂಗಿಲ್ಲ." ಅವ್ವ ಹಿಡಿದ ಮೊಲಕ್ಕೆ ಮೂರೇ ಕಾಲು, ಗೊತ್ತಲ್ಲ. ಅದಕ್ಕೇ ಕೇಕಿನ ಸುತ್ತ ಸಕ್ಕರೆಯ ಚೂಡಾ ಕೂಡಿಸಿ, ಅವಳನ್ನು ಕರೆದು ತೋರಿಸಿ, ಸೋದರಮಾವ ತೊಡಿಸಿದ್ದನ್ನೆಲ್ಲ ಹೇಳಿದೆ. "ನಮ್ಮ ಸ್ವಾದರಮಾವ ಹುಲಗಪ್ಪನೂ ಲಗ್ನದಾಗ ನನಗ ಹಿಂಗ ಕೈ ಹಿಡದು ಬಳಿ ಇಡಿಸಿದ್ದ" ಎಂದಷ್ಟೇ ಅಂದು, ಸೆರಗು ಹೊದ್ದು ಹೊರಗೆ ಹೋದಳು. ನನಗೆ ಅಳು ಬಂತು. ವೈನಿಗೆ ಏನು ಹೇಳಲಿ, ನೀನೇ ತಿಳಿಸು.

ಬೆಚ್ಚಗಿರು, ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಜೊತೆಯವರಿಗೆಲ್ಲ ನನ್ನ ನಮಸ್ಕಾರ.

ನಿನ್ನ ತಂಗಿ,
ದುರ್ಗಾ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಅವ್ವ ಬಂದಳು. ಬಳೆಗಾರ ಮೌಲಾಸಾಬರ ಹತ್ತಿರ ಹೋಗಿದ್ದಳಂತೆ. ತಂದ ಹಸಿರು ಬಳೆ ಒಂದನ್ನು ನನ್ನ ಸಕ್ಕರೆ ಚೂಡಾದ ಮುಂದೆ ಹಿಡಿದು ನೋಡಿದಳು. "ಮಾವ ಇಡಿಸಿದ್ದನ್ನ ತಗಸೂದು ಬ್ಯಾಡ. ಆ ಕೆಂಪು ಬಳಿ ಮುಂದ ಒಂದೊಂದು ಹಸರ ಬಳಿ ಹಿಡಸತಾವು. ನಮ್ಮ ಸೊಸಿ ಕೈ ಅಳತಿ ಎಷ್ಟಂತ ಜಲ್ದಿ ಕೇಳು, ಮೌಲಾಸಾಬ ಅಂಗಡಿ ಮುಚ್ಚತಾನ" ಎಂದಳು.