ಬಾಗಿಸಿ ನೋಡಿದ ಬೆಸುಗೆ

ಡಾಫಿನ್, ಮ್ಯಾನಿಟೋಬಾ
ಮಾರ್ಚ್ ೧೧

ಪ್ರೀತಿಯ ಲಾರಿಸಾ,

ನಿನ್ನ ಕಾಗದ ಬಂದು ತಿಂಗಳಾಗುತ್ತಾ ಬಂತು. ಅಮ್ಮ ಮರೆತೇಬಿಟ್ಟಳು ಅಂತ ಮುಖ ಊದಿಸಿಕೊಂಡಿರುತ್ತೀಯ. ಕ್ಷಮಿಸು ಮಗಳೇ. ಇಲ್ಲಿ ಹಿಮ ಇನ್ನೂ ಕಿಟಕಿಯವರೆಗೆ ಕೂತಿದೆ. ಚರ್ಚಿನ ಹೆಂಗಸರು ಪೆರೋಗಿ ಕಡುಬು ಮಡಿಚೋಕೆ ಬಾ ಬಾ ಅಂತ ನನ್ನ ಪ್ರಾಣ ತಿನ್ನುತ್ತಿದ್ದಾರೆ.

ವರ್ಷವೆಲ್ಲ ಕಷ್ಟಪಟ್ಟು ಓದಿಯೂ ಗಣಿತದಲ್ಲಿ ಸ್ವಲ್ಪದರಲ್ಲಿ ಫೇಲಾದ ನಿನ್ನ ತರಗತಿಯ ಹುಡುಗನ ಬಗ್ಗೆ ನೀನು ಬರೆದಿದ್ದೆ. 'ಅವನ ಶ್ರಮ ನೋಡಿ ಪಾಸು ಮಾಡಲೇನಮ್ಮ?' ಅಂತ ಕೇಳಿದ್ದೆ. ಟೀಚರಾದ ಮೊದಲ ವರ್ಷವೇ ಈ ಮುಳ್ಳು ಚುಚ್ಚಿತಲ್ಲ! ನನಗೂ ಜನವರಿಯಿಂದ ಅದೇ ಮುಳ್ಳು.

ನನ್ನ ವೆಲ್ಡಿಂಗ್ ತರಗತಿಯಲ್ಲಿ ಆಡೆಲ್ ಶಾರ್ಟ್ರಾಂ ಅಂತ ಒಬ್ಬಳಿದ್ದಾಳೆ. ಊಟದ ಬಿಡುವಿನಲ್ಲೂ ಬೆಸುಗೆ ಹಾಕುವವಳು, ಅಂಗಿಯ ತೋಳಿನ ತುಂಬ ಕಿಡಿ ಬಿದ್ದು ತೂತು. ಪಾಸಾದರೆ ಅವಳ ಮಾವನ ಟ್ರೇಲರ್ ರಿಪೇರಿ ಅಂಗಡಿಯಲ್ಲಿ ಕೆಲಸ, ಇಲ್ಲದಿದ್ದರೆ ಇಲ್ಲ. ನಮ್ಮ ಪರೀಕ್ಷೆ ನಿನಗೆ ಗೊತ್ತಲ್ಲ, ಎರಡು ಉಕ್ಕಿನ ಪಟ್ಟಿ ಬೆಸೆದು ಕೊಟ್ಟರೆ ಯಂತ್ರಕ್ಕಿಟ್ಟು ಬಾಗಿಸುತ್ತೇವೆ. ಅವಳದು ಬೆಸುಗೆಯಲ್ಲೇ ಬಿರುಕು ಬಿಟ್ಟಿತು. ಪಕ್ಕದಲ್ಲಿ ಸದಾ ತೂಕಡಿಸುವ ಬ್ರೆಂಟನದು ಗಟ್ಟಿಯಾಗಿ ನಿಂತಿತು.

"ಅವನು ನಿದ್ದೆ ಹೊಡ್ದು ಪಾಸು, ನಾನು ಕೈ ಸುಟ್ಕೊಂಡು ಫೇಲು! ಇದ್ಯಾವ ನ್ಯಾಯ ಮಿಸ್?" ಅಂತ ಕೂಗಾಡಿದಳು.

ಹೆಡ್‌ಮಾಸ್ಟರ್ ಪೆನ್ನರ್ ಎಂದಿನಂತೆ ಅಡ್ಡಗೋಡೆಯ ಮೇಲೆ ದೀಪ ಇಟ್ಟರು. "ನಿಯಮ ನಿಯಮಾನೇ ಹಲೀನಾ. ಆದ್ರೂ ಪಾಪ, ಎಷ್ಟು ಕಷ್ಟಪಟ್ಟಿದ್ದಾಳೆ. ನೋಡಿ, ನಿಮಗೆ ಬಿಟ್ಟಿದ್ದು."

"ಅವಳು ಬೆಸೆದ ಟ್ರೇಲರ್ ಹಿಂದೆ ನಿಮ್ಮ ಹೆಂಡ್ತಿ ಕಾರು ಓಡಿಸ್ತಾರಾ?" ಅಂದೆ.

ಫೇಲು ಅಂತಲೇ ಬರೆದೆ. ಆಮೇಲೆ ಕಾರಿನಲ್ಲಿ ಕೂತು ಅತ್ತೆ ಕಣೇ. ಆದರೆ ಅವಳಿಗೆ ಇನ್ನೊಂದು ಪರೀಕ್ಷೆ ಕೊಡಲೇಬೇಕು ಅಂತ ಪೆನ್ನರ್ ಹತ್ತಿರ ಜಗಳವಾಡಿ ಒಪ್ಪಿಸಿದೆ.

ಸ್ವಲ್ಪ ದಿನ ಅವಳು ನನ್ನ ಮುಖ ನೋಡಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಬಂದು ಕೈಗವಸು ಮೇಜಿನ ಮೇಲೆ ಎಸೆದಳು. "ಎಲ್ಲರೂ ಭೇಷ್ ಭೇಷ್ ಅಂತಾರೆ. ತಪ್ಪೆಲ್ಲಿ ಅಂತ ಯಾರೂ ಹೇಳಲ್ಲ. ನೀವಾದ್ರೂ ಹೇಳಿ."

"ನಾಯಿ ಅಟ್ಟಿಸ್ಕೊಂಡು ಬಂದ ಹಾಗೆ ಕೈ ಓಡಿಸ್ತೀಯ. ಉಕ್ಕು ಕರಗೋಕೆ ಬಿಡು ಮಾರಾಯ್ತಿ," ಅಂದೆ. ಕೈ ಕೆಸರಾದರೆ ಬಾಯಿ ಮೊಸರು, ನಿಜ. ಆದರೆ ಹೆಪ್ಪು ಹಾಕಿದ ಕೂಡಲೇ ಮೊಸರಾಗುತ್ತದೆಯೇ? ದಿನಾ ಸಂಜೆ ಅವಳ ಪಕ್ಕ ನಿಂತೆ.

ನಿನ್ನೆ ವಿನ್ನಿಪೆಗ್‌ನಿಂದ ಪರೀಕ್ಷಕ ಬಂದಿದ್ದ. ಅವಳ ಪಟ್ಟಿ ಲಾಳದ ಹಾಗೆ ಬಾಗಿತು, ಕೂದಲೆಳೆಯಷ್ಟೂ ಬಿರುಕಿಲ್ಲ! ಅವಳು ಖುಷಿಗೆ ಪೆನ್ನರ್ ಅವರನ್ನೇ ತಬ್ಬಿಕೊಂಡಳು. ಅವರ ಟೈಗೆಲ್ಲ ಗ್ರೀಸು.

ಹಾಗಾಗಿ ನಿನ್ನ ಹುಡುಗನಿಗೆ ಇಲ್ಲದ ಮಾರ್ಕು ಕೊಡಬೇಡ. ಅವನಿಗೆ ಏನು ಬರುತ್ತದೆ ಅನ್ನುವುದನ್ನಷ್ಟೇ ಮಾರ್ಕು ಹೇಳಲಿ. ಅವನ ಶ್ರಮಕ್ಕೆ ನಿನ್ನ ಹೊತ್ತು ಕೊಡು, ಮತ್ತೊಂದು ಪರೀಕ್ಷೆ ಕೊಡು. ಬೈದುಕೊಂಡರೆ ಬೈದುಕೊಳ್ಳಲಿ.

ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಪಾಠ ಮಕ್ಕಳ ಕೈಹಿಡಿಯಲಿ, ದೇವರು ನಿನ್ನನ್ನು ತಣ್ಣಗಿಟ್ಟಿರಲಿ.

ನಿನ್ನ ಅಮ್ಮ,
ಹಲೀನಾ

ತಾ.ಕ.: ಮೇಲೆ ಬರೆಯಲು ಧೈರ್ಯ ಬರಲಿಲ್ಲ. ನಿನ್ನೆ ನನ್ನ ವೆಲ್ಡಿಂಗ್ ಲೈಸೆನ್ಸ್ ನವೀಕರಿಸುವ ಪರೀಕ್ಷೆಯೂ ಇತ್ತು. ನನ್ನ ಪಟ್ಟಿ ಬಿರುಕು ಬಿಟ್ಟಿತು, ಲಾರಿಸಾ. ಶರತ್ಕಾಲದಿಂದ ಬಲಗೈ ನಡುಗುತ್ತಿದೆ, ಪಾರ್ಕಿನ್ಸನ್ ಕಾಯಿಲೆ ಅಂದರು ಡಾಕ್ಟರು. ಪರೀಕ್ಷಕ ನನ್ನ ಹಳೇ ವಿದ್ಯಾರ್ಥಿ. "ಇಷ್ಟು ವರ್ಷ ದುಡಿದಿದ್ದೀರಿ ಮಿಸ್, ನಾನು ನೋಡೇ ಇಲ್ಲ ಅಂದ್ಕೊಳ್ಳಿ," ಅಂದ. ಬೇಡಪ್ಪ, ಫೇಲು ಅಂತಲೇ ಬರಿ ಅಂದೆ. ಎದೆ ಒಡೆದುಹೋಯಿತು. ಎಲ್ಲರೂ ಹೋದ ಮೇಲೆ ಆಡೆಲ್ ಒಬ್ಬಳೇ ಉಳಿದಿದ್ದಳು. ನನ್ನ ಪಟ್ಟಿಯನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿ ಹೇಳಿದಳು: "ನಾಳೆಯಿಂದ ತರಗತಿಗೆ ಬೆಸುಗೆ ನಾನು ಹಾಕಿ ತೋರಿಸ್ತೀನಿ ಮಿಸ್. ನೀವು ಪಕ್ಕದಲ್ಲಿ ನಿಂತು ಬೈತಾ ಇರಿ." ಇವತ್ತು ಬೆಳಗಿನಿಂದ ಬೈದು ಬೈದು ನನ್ನ ಗಂಟಲು ಕಟ್ಟಿದೆ.